ಆತ್ಮಶಂಕೆಯೂ ಮನಶ್ಚಿಕಿತ್ಸೆಯೂ

ಯಕ್ಷಗಾನದ ಚೌಕಿಯಲ್ಲಿ ಬಣ್ಣ ಬರೆದು, ಕಿರೀಟ ಧರಿಸಿ, ಗೆಜ್ಜೆ ಕಟ್ಟಿ ರಂಗಸ್ಥಳಕ್ಕೆ ಬಂದ ಕಲಾವಿದನು ತಾನು ಕರ್ಣನಲ್ಲವೆಂಬುದನ್ನು ಬಲ್ಲನು; ಎದುರಿಗೆ ಕುಳಿತ ನಾವೂ ಬಲ್ಲೆವು. ಬೆಳಗಾಗುತ್ತಲೆ ಅವನು ಬಣ್ಣ ತೊಳೆದುಕೊಂಡು ಮನೆಗೆ ಹೋಗುವನು. ಈ ವೇಷದಲ್ಲಿ ಯಾರಿಗೂ ಮೋಸವಿಲ್ಲ. ಆದರೆ ಯಾವ ಬಣ್ಣವನ್ನೂ ಹಚ್ಚದೆ, ಯಾವ ಕಿರೀಟವನ್ನೂ ಧರಿಸದೆ, ತಮ್ಮ ನಿಜವಾದ ಮುಖದಿಂದಲೇ ನಾಲ್ವರ ಮುಂದೆ ನಿಂತು, ‘ಇದು ನನ್ನ ಮುಖವಲ್ಲ, ವೇಷ, ಇನ್ನೇನು ಯಾರಾದರೊಬ್ಬರು ಇದನ್ನು ಕಂಡುಹಿಡಿಯುವರು’ ಎಂದು ಒಳಗೊಳಗೇ ನಡುಗುವವರು ಲೋಕದಲ್ಲಿ ಬಹುಮಂದಿ ಇದ್ದಾರೆ. ಪರೀಕ್ಷೆಯಲ್ಲಿ ಉತ್ತಮ ಅಂಕಗಳು ಬಂದರೆ ಪ್ರಶ್ನೆಪತ್ರಿಕೆ ಸುಲಭವಾಗಿತ್ತೆಂದೂ, ಉದ್ಯೋಗ ದೊರೆತರೆ ಬೇರೆ ಯೋಗ್ಯರಾರೂ ಅರ್ಜಿ ಹಾಕಿರಲಾರರೆಂದೂ, ಹತ್ತು ಮಂದಿ ಮೆಚ್ಚಿದರೆ ಅವರಿಗೆ ತನ್ನ ನಿಜಸ್ಥಿತಿ ತಿಳಿಯದೆಂದೂ ಇವರು ತಮಗೆ ತಾವೇ ಹೇಳಿಕೊಳ್ಳುವರು. ಈ ಮನಃಸ್ಥಿತಿಗೆ ಈಚೆಗೆ ‘ಇಂಪೋಸ್ಟರ್ ಸಿಂಡ್ರೋಮ್’ ಎಂಬ ಇಂಗ್ಲಿಷ್ ಹೆಸರು ಬಹಳವಾಗಿ ಬಳಕೆಗೆ ಬಂದಿದೆ. ಕನ್ನಡದಲ್ಲಿ ಇದನ್ನು ‘ಸೋಗಿನ ಶಂಕೆ’ ಎನ್ನಬಹುದೆಂದು ನನಗೆ ತೋರುತ್ತದೆ. ಸೋಗು ಹಾಕಿದವನ ಮೇಲೆ ಇತರರು ಪಡುವ ಶಂಕೆಯಲ್ಲ ಇದು. ಸೋಗು ಹಾಕದವನು ತನ್ನ ಮೇಲೆ ತಾನೇ ಪಡುವ ಶಂಕೆ.

ನಾನು ವೈದ್ಯನಲ್ಲ, ಮೂವತ್ತೊಂದು ವರ್ಷ ಕಾಸರಗೋಡಿನ ಕಡೆಯ ಕನ್ನಡ ಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ವಾರ್ಷಿಕ ಸಂಚಿಕೆಗೆ ಗಣಿತದ ಮೇಲೊಂದು ಲೇಖನ ಬೇಕೆಂದು ನಮ್ಮ ಸಂಘದ ಕಾರ್ಯದರ್ಶಿಗಳು ಕೇಳಿದ್ದರು. ಅದನ್ನು ಬಿಟ್ಟು ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವೊಂದಿದೆ. ನಾಲ್ಕು ವರ್ಷಗಳ ಹಿಂದೆ ನಾನೊಂದು ತಪ್ಪು ಮಾಡಿದೆ. ಅಂಥ ತಪ್ಪನ್ನು ಅಧ್ಯಾಪಕರೂ ತಾಯ್ತಂದೆಯರೂ ಒಳ್ಳೆಯ ಮನಸ್ಸಿನಿಂದಲೇ ದಿನನಿತ್ಯ ಮಾಡುತ್ತಿರುವರೆಂದು ಈಗ ನನಗೆ ಗೊತ್ತಾಗಿದೆ.

ನನ್ನ ಶಿಷ್ಯೆಯೊಬ್ಬಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಟು ಮುಗಿಸಿ, ದೂರದ ಪಟ್ಟಣವೊಂದರಲ್ಲಿ ಇಂಜಿನಿಯರಿಂಗ್ ತರಗತಿಗೆ ಸೇರಿದಳು. (ಅವಳ ಸಮ್ಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಹೆಸರು, ಊರುಗಳನ್ನು ಬಿಟ್ಟಿದ್ದೇನೆ.) ಮೊದಲ ಸೆಮಿಸ್ಟರಿನಲ್ಲಿ ಎಲ್ಲ ವಿಷಯಗಳಲ್ಲಿಯೂ ಉತ್ತೀರ್ಣಳಾದಳು, ಗಣಿತದಲ್ಲಂತೂ ತರಗತಿಗೆ ಎರಡನೆಯವಳು. ರಜೆಯಲ್ಲಿ ಮನೆಗೆ ಬಂದವಳು ಮರಳಿ ಹೋಗಲೊಲ್ಲೆನೆಂದು ಹಟ ಹಿಡಿದಳು. ಅವಳ ತಾಯಿ ಅವಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದು, “ಇವಳಿಗೆ ನೀವೇ ಬುದ್ಧಿ ಹೇಳಬೇಕು ಮಾಷ್ಟ್ರೇ, ನಾವು ಹೇಳಿ ಸೋತೆವು” ಎಂದರು. ತಾಯಿ ಒಳಗೆ ನನ್ನ ಹೆಂಡತಿಯೊಡನೆ ಮಾತಾಡುತ್ತಿದ್ದಾಗ ಹುಡುಗಿ ಜಗಲಿಯಲ್ಲಿ ತಲೆತಗ್ಗಿಸಿ ಕುಳಿತು ಹೇಳಿದಳು: “ನಾನು ಎಲ್ಲರಿಗೂ ಮೋಸ ಮಾಡುತ್ತಿದ್ದೇನೆ ಮಾಷ್ಟ್ರೇ. ಅಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಯೋಚಿಸುವವರು. ನಾನು ಬಾಯಿಪಾಠ ಮಾಡಿ ಬರೆಯುವವಳು. ಮುಂದಿನ ಪರೀಕ್ಷೆಯಲ್ಲಿ ಗೊತ್ತಾಗಿಬಿಡುತ್ತದೆ. ಅದಕ್ಕೆ ಮೊದಲೇ ಬಿಟ್ಟುಬಂದರೆ ಮರ್ಯಾದೆಯಾದರೂ ಉಳಿಯುತ್ತದೆ.”

ನಾನೇನು ಮಾಡಿದೆ? ಹೊಗಳಿದೆ. ‘ನೀನು ನಮ್ಮ ಶಾಲೆಯ ರತ್ನ; ನಿನ್ನಂಥ ಬುದ್ಧಿವಂತೆಯನ್ನು ನಾನು ಕಂಡಿಲ್ಲ; ಧೈರ್ಯವಾಗಿರು’ ಎಂದೆ. ಅರ್ಧ ಗಂಟೆ ಹೊಗಳಿದ ಮೇಲೆ ಹುಡುಗಿಯ ಮುಖ ಬಂದಾಗ ಇದ್ದುದಕ್ಕಿಂತಲೂ ಬಾಡಿಹೋಗಿತ್ತು. ಅವಳ ಲೆಕ್ಕದಲ್ಲಿ ಮೋಸಹೋದವರ ಪಟ್ಟಿಗೆ ಇನ್ನೊಬ್ಬರು ಸೇರಿದ್ದರು, ಅಷ್ಟೆ. ಈ ಮಾತನ್ನು ಅವಳು ಬಹುಕಾಲದ ಅನಂತರ ನನಗೆ ತಿಳಿಸಿದಳು. ಹೊಗಳಿಕೆಯು ಈ ಶಂಕೆಗೆ ಮದ್ದಾಗುವುದಿರಲಿ, ಅದಕ್ಕೆ ಆಹಾರವಾಗುವುದೆಂಬ ವಿಚಿತ್ರ ಸಂಗತಿಯನ್ನು ತಿಳಿಯಲೆಂದೇ ನಾನು ಈ ಶಾಸ್ತ್ರದ ಕೆಲವು ಗ್ರಂಥಗಳನ್ನು ಓದತೊಡಗಿದುದು.

ಈ ಮನಃಸ್ಥಿತಿಯನ್ನು ಮೊಟ್ಟಮೊದಲು ಹೆಸರಿಟ್ಟು ವರ್ಣಿಸಿದವರು ಅಮೆರಿಕದ ಪಾಲೀನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬಿಬ್ಬರು ಮನೋವಿಜ್ಞಾನಿಗಳು. 1978ರಲ್ಲಿ ಮನಶ್ಚಿಕಿತ್ಸೆಗೆ ಸಂಬಂಧಿಸಿದ ಪತ್ರಿಕೆಯೊಂದರಲ್ಲಿ ಅವರ ಪ್ರಬಂಧವು ಪ್ರಕಟವಾಯಿತು. ತಮ್ಮ ಚಿಕಿತ್ಸಾಲಯದಲ್ಲಿಯೂ, ಗುಂಪುಚಿಕಿತ್ಸೆಯ ಕೂಟಗಳಲ್ಲಿಯೂ, ಕಾಲೇಜಿನ ತರಗತಿಗಳಲ್ಲಿಯೂ ತಾವು ಕಂಡ 150ಕ್ಕೂ ಹೆಚ್ಚು ಮಂದಿ ಸ್ತ್ರೀಯರ ಅನುಭವವನ್ನು ಅವರು ಆಧಾರವಾಗಿಟ್ಟುಕೊಂಡರು. ಈ ಸ್ತ್ರೀಯರು ಸಾಮಾನ್ಯರಲ್ಲ; ಉನ್ನತ ಪದವಿ ಪಡೆದವರು, ತಮ್ಮ ವೃತ್ತಿಯಲ್ಲಿ ಗೌರವ ಗಳಿಸಿದವರು, ಉತ್ತಮ ಅಂಕಗಳಿಗೆ ಹೆಸರಾದ ವಿದ್ಯಾರ್ಥಿನಿಯರು. ಆದರೂ ತಮಗೆ ದೊರೆತ ಸ್ಥಾನ ತಮ್ಮ ಯೋಗ್ಯತೆಯಿಂದ ಬಂದುದಲ್ಲವೆಂದೇ ಅವರು ನಂಬಿದ್ದರು. ಕ್ಲಾನ್ಸ್ ತಾನೂ ವಿದ್ಯಾರ್ಥಿದೆಸೆಯಲ್ಲಿ ಇದೇ ಭಯದಲ್ಲಿ ಬೆಂದವರಂತೆ. ಈ ಇಬ್ಬರು ತಮ್ಮ ಪ್ರಬಂಧದಲ್ಲಿ ಇದನ್ನು ರೋಗವೆಂದು ಕರೆಯಲಿಲ್ಲ. ಒಂದು ವಿದ್ಯಮಾನವೆಂದಷ್ಟೇ ಕರೆದರು. ‘ಸಿಂಡ್ರೋಮ್’ ಎಂಬ ರೋಗಸೂಚಕ ಶಬ್ದವನ್ನು ಅಂಟಿಸಿದವರು ಅನಂತರದವರು. ಮೊದಲಿಗೆ ಇದು ಸ್ತ್ರೀಯರಿಗೇ ವಿಶಿಷ್ಟವೆಂದು ತೋರಿದ್ದರೂ, ಪುರುಷರಲ್ಲಿಯೂ ಇದು ಸಾಮಾನ್ಯವೆಂದು ಮುಂದಿನ ಅಧ್ಯಯನಗಳಿಂದ ತಿಳಿದುಬಂದಿತು. 1985ರಲ್ಲಿ ಕ್ಲಾನ್ಸ್ ಇದನ್ನು ಅಳೆಯಲು ಇಪ್ಪತ್ತು ಹೇಳಿಕೆಗಳ ಒಂದು ಮಾಪಕವನ್ನು ಪ್ರಕಟಿಸಿದರು. ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ; ಒಟ್ಟು ಕನಿಷ್ಠ 20, ಗರಿಷ್ಠ 100. ನೂರಕ್ಕೆ ನೂರು ಬಂದವನು ಹೆಮ್ಮೆಪಡಲಾಗದ ಏಕಮಾತ್ರ ಪರೀಕ್ಷೆ ಇದೇ ಇರಬಹುದು!

ಈ ಶಂಕೆಯು ಹೇಗೆ ಬದುಕಿರುವುದು ಎಂಬುದನ್ನು ಅರಿಯದೆ ಚಿಕಿತ್ಸೆ ಅರ್ಥವಾಗದು. ಸಾಮಾನ್ಯ ಬುದ್ಧಿಯ ಪ್ರಕಾರ, ಅಪಜಯದಿಂದ ಅಳುಕು ಹುಟ್ಟಬೇಕು, ಜಯದಿಂದ ಅಳುಕು ಅಳಿಯಬೇಕು. ಇಲ್ಲಿ ಹಾಗಾಗುವುದಿಲ್ಲ. ಪರೀಕ್ಷೆ ಬಂದಿತೆನ್ನಿ. ಶಂಕಾಗ್ರಸ್ತ ವಿದ್ಯಾರ್ಥಿಯು ಎರಡರಲ್ಲೊಂದು ದಾರಿ ಹಿಡಿಯುವನು: ಒಂದೋ ಬೇಕಾದುದಕ್ಕಿಂತ ಮೂರು ಪಾಲು ಹೆಚ್ಚು ಓದುವನು, ಇಲ್ಲವೆ ಭಯದಿಂದ ಪುಸ್ತಕವನ್ನೇ ಮುಟ್ಟದೆ ದಿನ ತಳ್ಳಿ ಕೊನೆಯ ಎರಡು ರಾತ್ರಿ ನಿದ್ದೆಗೆಟ್ಟು ಓದುವನು. ಫಲಿತಾಂಶ ಚೆನ್ನಾಗಿಯೇ ಬರುವುದು. ಎರಡು ದಿನ ನೆಮ್ಮದಿ. ಆಮೇಲೆ ಲೆಕ್ಕ ಬರೆಯುವ ಹೊತ್ತು. ಮೊದಲನೆಯವನು, ‘ನಾನು ಅಷ್ಟು ಒದ್ದಾಡಿದೆನಾದ್ದರಿಂದ ಬಂದಿತು, ನಿಜವಾದ ಬುದ್ಧಿವಂತನಿಗೆ ಅಷ್ಟು ಒದ್ದಾಟವೇಕೆ?’ ಎನ್ನುವನು. ಎರಡನೆಯವನು, ‘ಓದದೆಯೇ ಬಂದಿತಲ್ಲ, ಇದು ಬರಿಯ ಅದೃಷ್ಟ’ ಎನ್ನುವನು. ಹೀಗೆ ಜಯವೆಲ್ಲವೂ ಶ್ರಮದ ಖಾತೆಗೋ, ದೈವದ ಖಾತೆಗೋ, ಪರೀಕ್ಷಕರ ಔದಾರ್ಯದ ಖಾತೆಗೋ ಜಮೆಯಾಗುವುದು. ಅಪಜಯ ಬಂದರೆ ಮಾತ್ರ ತಡಮಾಡದೆ ತನ್ನ ಸ್ವಂತ ಖಾತೆಗೆ ಖರ್ಚು ಬೀಳುವುದು. ಇಂಥ ಪುಸ್ತಕವನ್ನಿಟ್ಟ ಅಂಗಡಿಯು ಎಷ್ಟು ವ್ಯಾಪಾರ ಮಾಡಿದರೂ ದಿವಾಳಿಯಲ್ಲದೆ ಬೇರೇನು ತೋರಿಸೀತು? ಮೇಲಾಗಿ, ಪ್ರತಿ ಜಯದಿಂದಲೂ ಜನರ ನಿರೀಕ್ಷೆ ಏರುವುದು. ನಿರೀಕ್ಷೆ ಏರಿದಷ್ಟೂ ಬೀಳುವ ಎತ್ತರ ಹೆಚ್ಚುವುದು. ಆದುದರಿಂದ ಇನ್ನಷ್ಟು ಜಯವೂ ಮದ್ದಲ್ಲ.

ಇಂಥ ಲೆಕ್ಕದ ಪದ್ಧತಿಯನ್ನು ಮಕ್ಕಳು ಎಲ್ಲಿ ಕಲಿಯುವರು? ಕ್ಲಾನ್ಸ್ ಮತ್ತು ಐಮ್ಸ್ ಎರಡು ಬಗೆಯ ಮನೆಗಳನ್ನು ಗುರುತಿಸಿದರು. ಒಂದರಲ್ಲಿ ‘ಅಣ್ಣ ಬುದ್ಧಿವಂತ, ಇವಳದು ಒಳ್ಳೆಯ ಸ್ವಭಾವ’ ಎಂದು ಎಳವೆಯಲ್ಲಿಯೇ ಹಂಚಿಕೆ ಮಾಡಿಬಿಡುವರು; ಮುಂದೆ ಅವಳು ಏನನ್ನು ಸಾಧಿಸಿದರೂ ಆ ಹಂಚಿಕೆ ಬದಲಾಗುವುದಿಲ್ಲ. ಇನ್ನೊಂದರಲ್ಲಿ ಮಗು ಏನು ಮಾಡಿದರೂ ಅದ್ಭುತವೆನ್ನುವರು. ಶ್ರಮವಿಲ್ಲದೆಯೇ ಎಲ್ಲವೂ ಬರುವುದೆನ್ನುವರು. ಒಂದು ದಿನ ಕಠಿಣವಾದ ಪಾಠವೊಂದು ಎದುರಾದಾಗ ಆ ಮಗು, ‘ಇವರು ಹೇಳಿದ ಆ ಜಾಣೆ ನಾನಲ್ಲ’ ಎಂದು ಗುಟ್ಟಾಗಿ ತೀರ್ಮಾನಿಸಿಕೊಳ್ಳುವುದು. ಈ ಎರಡನೆಯ ಮನೆಯ ವಿಷಯ ಓದಿದಾಗ ನನಗೆ ನಮ್ಮ ಜಗಲಿ ನೆನಪಾಯಿತು.

ಮುಲ್ಲರ್ ಮತ್ತು ಡ್ವೆಕ್ ಎಂಬವರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಇಲ್ಲಿ ಹೇಳಲೇಬೇಕು. ಐದನೆಯ ತರಗತಿಯ ಮಕ್ಕಳಿಗೆ ಕೆಲವು ಒಗಟಿನಂಥ ಲೆಕ್ಕಗಳನ್ನು ಕೊಟ್ಟು, ಕೆಲವರನ್ನು ‘ನೀನು ಬಹಳ ಬುದ್ಧಿವಂತ’ ಎಂದೂ, ಕೆಲವರನ್ನು ‘ನೀನು ಚೆನ್ನಾಗಿ ಶ್ರಮಪಟ್ಟಿರುವೆ’ ಎಂದೂ ಹೊಗಳಿದರು. ಅನಂತರ ಎಲ್ಲರಿಗೂ ಕಠಿಣವಾದ ಲೆಕ್ಕಗಳನ್ನು ಕೊಟ್ಟು ಸೋಲುವಂತೆ ಮಾಡಿದರು. ಬುದ್ಧಿಯ ಹೊಗಳಿಕೆ ಪಡೆದವರು ಬೇಗನೆ ಕೈಬಿಟ್ಟರು, ಕೆಲಸದಲ್ಲಿ ಕಡಿಮೆ ಸಂತೋಷ ಕಂಡರು, ಮುಂದಿನ ಲೆಕ್ಕಗಳಲ್ಲಿಯೂ ಹಿಂದೆ ಬಿದ್ದರು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ತಮಗೆ ಬಂದ ಅಂಕಗಳನ್ನು ಬೇರೆ ಮಕ್ಕಳಿಗೆ ತಿಳಿಸಬೇಕಾಗಿ ಬಂದಾಗ ಹೆಚ್ಚಿಸಿ ಸುಳ್ಳು ಹೇಳಿದವರು ಇವರಲ್ಲೇ ಹೆಚ್ಚು. ಹೊಗಳಿಕೆಯಿಂದ ಸೋಗಿನ ಶಂಕೆ ಹುಟ್ಟುವುದಿರಲಿ, ನಿಜವಾದ ಸೋಗೇ ಹುಟ್ಟಿತೆಂದಾಯಿತು!

ಇನ್ನು ಚಿಕಿತ್ಸೆಯ ವಿಷಯ. ಮನಶ್ಚಿಕಿತ್ಸೆಯೆಂದರೆ ಮಾತ್ರೆ, ಚುಚ್ಚುಮದ್ದು, ಆಸ್ಪತ್ರೆಯ ಬೀಗಹಾಕಿದ ಕೋಣೆ ಎಂಬ ಕಲ್ಪನೆ ನಮ್ಮ ಕಡೆಯ ಹಿರಿಯರಲ್ಲಿ ಇನ್ನೂ ಉಂಟು. ಪ್ರಕೃತ ವಿಷಯಕ್ಕೆ ಬೇಕಾದುದು ಮಾತಿನ ಚಿಕಿತ್ಸೆ. ತರಬೇತಿ ಪಡೆದ ಒಬ್ಬರ ಮುಂದೆ ವಾರಕ್ಕೊಮ್ಮೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಕುಳಿತು, ತನ್ನ ಯೋಚನೆಗಳನ್ನು ಒಂದೊಂದಾಗಿ ಹೊರಗಿಟ್ಟು ಪರಿಶೀಲಿಸುವುದು. ಇದರಲ್ಲಿ ಹಲವು ಪಂಥಗಳಿವೆ. ಫಿಲಡೆಲ್ಫಿಯಾದ ಮನೋವೈದ್ಯ ಏರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಪದ್ಧತಿಯೇ ಈ ಬಗೆಯ ಶಂಕೆಗೆ ಹೆಚ್ಚಾಗಿ ಬಳಕೆಯಲ್ಲಿರುವುದು. ಘಟನೆಗಿಂತ ಘಟನೆಗೆ ನಾವು ಕೊಡುವ ಅರ್ಥವೇ ನಮ್ಮನ್ನು ಹೆಚ್ಚು ನೋಯಿಸುವುದೆಂಬುದು ಅದರ ಮೂಲತತ್ತ್ವ. ಚಿಕಿತ್ಸಕರು ಆ ಅರ್ಥವನ್ನು ಸುಳ್ಳೆಂದು ಖಂಡಿಸುವುದಿಲ್ಲ. ಪ್ರಶ್ನೆ ಕೇಳಿ, ಆಧಾರ ತೋರಿಸೆನ್ನುವರು. ಗಣಿತದವನಾದ ನನಗೆ ಈ ಕ್ರಮ ಬಹಳ ಹಿಡಿಸಿತು. ‘ಸಾಧಿಸಿ ತೋರಿಸು’ ಎನ್ನುವುದಲ್ಲವೆ ನಮ್ಮ ಕಸುಬು!

ನನ್ನ ಶಿಷ್ಯೆ ಕೊನೆಗೆ ಕಾಲೇಜಿಗೆ ಮರಳಿದಳು. ನನ್ನ ಹೊಗಳಿಕೆಯಿಂದಲ್ಲ, ಶುಲ್ಕ ಕಟ್ಟಿಯಾಗಿತ್ತೆಂಬ ಕಾರಣದಿಂದ. ಅಲ್ಲಿ ರಾತ್ರಿ ನಿದ್ದೆ ಬಾರದೆ, ಊಟ ಸೇರದೆ, ಗೆಳತಿಯೊಬ್ಬಳ ಒತ್ತಾಯದಿಂದ ಆಪ್ತಸಮಾಲೋಚಕರ ಬಳಿಗೆ ಹೋದಳು. ಮೊದಲು ಭೇಟಿಯಾದವರೊಡನೆ ಇಂಗ್ಲಿಷಿನಲ್ಲಿಯೇ ಮಾತಾಡಬೇಕಾಗಿತ್ತು. ತನ್ನ ದುಃಖವನ್ನು ಹೇಳುವಾಗಲೂ ವಾಕ್ಯ ತಪ್ಪೀತೆಂಬ ಭಯ! ಎರಡು ಭೇಟಿಗಳಾದ ಮೇಲೆ ಅವರೇ ಇದನ್ನು ಗಮನಿಸಿ, ಕನ್ನಡ ಬಲ್ಲ ಚಿಕಿತ್ಸಾ ಮನೋವಿಜ್ಞಾನಿಯೊಬ್ಬರ ಬಳಿಗೆ ಕಳುಹಿಸಿದರು. ಎಳವೆಯಲ್ಲಿ ಯಾವ ಭಾಷೆಯಲ್ಲಿ ಅಳುಕು ಹುಟ್ಟಿತೋ ಆ ಭಾಷೆಯಲ್ಲಿ ಅದನ್ನು ಹೇಳಿಕೊಳ್ಳಲು ಸಿಕ್ಕಿದ್ದೇ ಅರ್ಧ ಹೊರೆ ಇಳಿದಂತಾಯಿತೆಂದು ಅವಳು ಹೇಳುವಳು. ಗಡಿನಾಡಿನ ನಮಗೆ ಈ ಮಾತಿನ ತೂಕ ಬೇರೆ ಯಾರಿಗಿಂತಲೂ ಹೆಚ್ಚು ತಿಳಿದೀತು.

ಮೊದಲ ಕೆಲವು ವಾರ ಅವಳು ಮಾಡಬೇಕಾದುದು ಇಷ್ಟೆ: ಒಂದು ನೋಟುಪುಸ್ತಕದಲ್ಲಿ ಗೆರೆ ಹಾಕಿ, ಏನು ನಡೆಯಿತು, ಆಗ ಮನಸ್ಸಿಗೆ ಬಂದ ಯೋಚನೆಯೇನು, ಅದನ್ನು ನೂರರಲ್ಲಿ ಎಷ್ಟು ಪಾಲು ನಂಬುವೆ, ಅದಕ್ಕೆ ಆಧಾರವೇನು, ವಿರುದ್ಧವಾದ ಆಧಾರವೇನು ಎಂದು ಬರೆಯುವುದು. ಒಂದು ದಿನದ ಬರಹ ಹೀಗಿತ್ತು. ಪ್ರಯೋಗಶಾಲೆಯ ಮೌಖಿಕ ಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು ಬಂದಿತು. ಯೋಚನೆ: ‘ನನಗೆ ಸುಲಭ ಪ್ರಶ್ನೆ ಕೇಳಿದರು’. ನಂಬಿಕೆ: ತೊಂಬತ್ತು. ಆಧಾರವೇನೆಂದು ಕೇಳಿದಾಗ, ಪ್ರಶ್ನೆಗೆ ತನಗೆ ಕೂಡಲೆ ಉತ್ತರ ಹೊಳೆಯಿತೆಂಬುದೇ ಆಧಾರವೆಂದಳು. ‘ನಿನಗೆ ಉತ್ತರ ಹೊಳೆದ ಪ್ರಶ್ನೆಗಳೆಲ್ಲ ಸುಲಭ, ಹೊಳೆಯದ ಪ್ರಶ್ನೆಗಳೆಲ್ಲ ಕಠಿಣ. ಹಾಗಾದರೆ ನೀನು ಕಠಿಣ ಪ್ರಶ್ನೆಗೆ ಉತ್ತರಿಸುವುದು ಎಂದಾದರೂ ಸಾಧ್ಯವೆ?’ ಎಂದು ಚಿಕಿತ್ಸಕರು ಕೇಳಿದರಂತೆ. ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಸಾಧಿಸಬೇಕಾದುದನ್ನೇ ಆಧಾರವಾಗಿ ಹಿಡಿದಿದ್ದೇನೆಂದು ಅವಳಿಗೇ ಕಂಡಿತು. ಅದೇ ಪ್ರಶ್ನೆಯನ್ನು ಇನ್ನು ಯಾರಿಗೆ ಕೇಳಿದರೆಂದು ವಿಚಾರಿಸಿದಾಗ, ಆರು ಮಂದಿಗೆ ಕೇಳಿದ್ದರು, ನಾಲ್ವರು ತಡವರಿಸಿದ್ದರು ಎಂದು ತಿಳಿಯಿತು. ನಂಬಿಕೆ ತೊಂಬತ್ತರಿಂದ ಐವತ್ತಕ್ಕಿಳಿಯಿತು. ಸೊನ್ನೆಗೆ ಇಳಿಯಲಿಲ್ಲ, ಇಳಿಯಬೇಕೆಂದು ಚಿಕಿತ್ಸಕರು ಬಯಸಲೂ ಇಲ್ಲ.

ಬರಹದ ಬಳಿಕ ಪ್ರಯೋಗ. ತರಗತಿಯಲ್ಲಿ ತಾನು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಎಲ್ಲರೂ ನಗುವರೆಂಬುದು ಅವಳ ದೃಢವಾದ ನಂಬಿಕೆಯಾಗಿತ್ತು. ‘ಎಷ್ಟು ಮಂದಿ ನಗುವರೆಂದು ಮೊದಲೇ ಬರೆದಿಡು, ಆಮೇಲೆ ಕೇಳು, ಎಣಿಸು’ ಎಂದರು. ಅವಳು ಇಪ್ಪತ್ತೆಂದು ಬರೆದಿಟ್ಟಳು. ಪ್ರಶ್ನೆ ಕೇಳಿದಾಗ ಅವಳ ನಾಲಗೆ ಒಮ್ಮೆ ತೊಡರಿತು. ನಕ್ಕವರು ಇಬ್ಬರು. ತರಗತಿ ಮುಗಿದ ಮೇಲೆ ಪಟ್ಟಣದ ದೊಡ್ಡ ಇಂಗ್ಲಿಷ್ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಬಂದು, ತನಗೂ ಅದೇ ಸಂದೇಹವಿತ್ತು, ಕೇಳಲು ಹೆದರಿದೆನೆಂದಳು. ಇನ್ನೊಂದು ಪ್ರಯೋಗ ಹೆಚ್ಚು ಕಷ್ಟದ್ದು. ವಾರದ ಕಿರುಪರೀಕ್ಷೆಗೆ ಹನ್ನೆರಡು ಗಂಟೆ ಓದುತ್ತಿದ್ದವಳು ಆರು ಗಂಟೆ ಮಾತ್ರ ಓದಿ ಬರೆಯಬೇಕು. ಅದಕ್ಕಾಗಿ ಪುಸ್ತಕವನ್ನು ಗೆಳತಿಯ ಪೆಟ್ಟಿಗೆಯಲ್ಲಿ ಬೀಗಹಾಕಿ ಇಡಿಸಬೇಕಾಯಿತು. ಅಂಕದಲ್ಲಿ ಒಂದರಷ್ಟು ಮಾತ್ರ ವ್ಯತ್ಯಾಸ. ಕಡಮೆ ಓದಿರೆಂದು ವಿದ್ಯಾರ್ಥಿಗಳಿಗೆ ಸಲಹೆ ಕೊಡುತ್ತಿರುವೆನೆಂದು ಯಾರೂ ತಿಳಿಯಬಾರದು! ಉಳಿದ ಆರು ಗಂಟೆಗಳು ಓದಿಗಾಗಿ ಅಲ್ಲ, ಭಯಕ್ಕಾಗಿ ತೆರುತ್ತಿದ್ದ ಸುಂಕವೆಂದು ಅವಳಿಗೆ ಮನದಟ್ಟಾಗಬೇಕಾಗಿತ್ತು.

ಕ್ಲಾನ್ಸ್ ಮತ್ತು ಐಮ್ಸ್ ತಮ್ಮ ಮೊದಲ ಪ್ರಬಂಧದಲ್ಲಿಯೇ ಗುಂಪುಚಿಕಿತ್ಸೆಯನ್ನು ವಿಶೇಷವಾಗಿ ಶಿಫಾರಸು ಮಾಡಿದ್ದರು. ಅದರ ಮರ್ಮ ಸ್ಪಷ್ಟವಾಗಿದೆ. ಈ ಶಂಕೆ ಗುಟ್ಟಿನಲ್ಲಿ ಬೆಳೆಯುವ ಗಿಡ. ಪ್ರತಿಯೊಬ್ಬನೂ ತನ್ನ ಒಳಗನ್ನು ಇತರರ ಹೊರಗಿನೊಡನೆ ಹೋಲಿಸುತ್ತಿರುವನು. ತನ್ನ ನಡುಕ ತನಗೆ ಗೊತ್ತು, ನೆರೆಯವನ ನಡುಕ ಗೊತ್ತಿಲ್ಲ. ಎಂಟು ಹತ್ತು ಮಂದಿ ಯೋಗ್ಯರು ಒಂದೆಡೆ ಕುಳಿತು ಒಬ್ಬೊಬ್ಬರಾಗಿ ‘ನಾನೇ ಇಲ್ಲಿ ಸೋಗಿನವನು’ ಎಂದು ಒಪ್ಪಿಕೊಳ್ಳತೊಡಗಿದರೆ ಕೇಳುವವನಿಗೆ ಪರರ ವಿಷಯದಲ್ಲಿ ಆ ಮಾತು ಎಷ್ಟು ಅಸಂಬದ್ಧವೆಂದು ಕೂಡಲೆ ತೋರುವುದು. ಆ ಮೇಲೆ ತನ್ನ ವಿಷಯದಲ್ಲಿಯೂ ಅದನ್ನೇ ನಂಬಿಕೊಂಡಿರುವುದು ಕಷ್ಟವಾಗುವುದು. ಹೊಗಳಿಕೆಯ ಮಾತು ಬಂದಾಗ ಅದನ್ನು ಹೇಗೆ ತಳ್ಳಿಹಾಕುತ್ತೇನೆಂದು ಗುರುತು ಹಾಕಿಕೊಳ್ಳುವುದು, ಒಂದು ವಾರ ತಳ್ಳಿಹಾಕದೆ ಕೇಳಿಸಿಕೊಳ್ಳುವುದು, ಇವೂ ಅವರು ಕೊಡುತ್ತಿದ್ದ ಮನೆಪಾಠಗಳು. ಅವರ ಇನ್ನೊಂದು ಅಭ್ಯಾಸವೂ ಉಂಟು: ತಾನು ಯಾರು ಯಾರನ್ನು ಮೋಸಗೊಳಿಸಿರುವೆನೆಂದು ಭಾವಿಸಿರುವನೋ ಅವರೊಬ್ಬೊಬ್ಬರ ಮುಂದೆಯೂ ನಿಂತು ತಪ್ಪೊಪ್ಪಿಕೊಳ್ಳುವಂತೆ ಊಹಿಸಿಕೊಳ್ಳುವುದು, ಅವರು ಏನುತ್ತರ ಕೊಡುವರೆಂಬುದನ್ನೂ ಊಹಿಸಿ ಹೇಳುವುದು. ಇದರ ವಿಷಯಕ್ಕೆ ಮತ್ತೆ ಬರುವೆನು.

ಇಷ್ಟು ಹೇಳಿದ ಮೇಲೆ ಇದರ ಮಿತಿಯನ್ನೂ ಹೇಳದಿದ್ದರೆ ನಾನೂ ಸೋಗು ಹಾಕಿದಂತಾದೀತು. ಸೋಗಿನ ಶಂಕೆಯು ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಾಗಲಿ, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಾಗಲಿ ಇಲ್ಲ. 2019ರ ಕೊನೆಯಲ್ಲಿ ಬ್ರವಾಟಾ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಸಮೀಕ್ಷೆಯೊಂದು 62 ಅಧ್ಯಯನಗಳನ್ನು, ಒಟ್ಟು 14,161 ಜನರ ವಿವರಗಳನ್ನು ಜೋಡಿಸಿ ನೋಡಿತು. ಈ ಶಂಕೆಯುಳ್ಳವರ ಪ್ರಮಾಣ ಒಂದು ಅಧ್ಯಯನದಲ್ಲಿ ನೂರಕ್ಕೆ 9, ಇನ್ನೊಂದರಲ್ಲಿ ನೂರಕ್ಕೆ 82! ಅಳತೆಗೋಲು ಬದಲಾದಂತೆ ಉದ್ದ ಬದಲಾಗುವ ವಸ್ತುವಿನ ವಿಷಯದಲ್ಲಿ ಎಚ್ಚರ ಬೇಕು. ಈ ಶಂಕೆಗೆಂದೇ ಮಾಡಿದ ಚಿಕಿತ್ಸೆಯನ್ನು ಪರೀಕ್ಷಿಸಿ ನೋಡಿದ ಒಂದು ಅಧ್ಯಯನವೂ ಆ ವೇಳೆಗೆ ಅವರಿಗೆ ದೊರೆಯಲಿಲ್ಲ. ಖಿನ್ನತೆ, ಉದ್ವೇಗ ಮುಂತಾದವುಗಳಲ್ಲಿ ಬೆಕ್ ಅವರ ಪದ್ಧತಿಯ ಉಪಯುಕ್ತತೆ ಅನೇಕ ಪರೀಕ್ಷೆಗಳಿಂದ ಸ್ಥಿರಪಟ್ಟಿದೆ. ಈ ಶಂಕೆಯೂ ಬಹಳ ಸಲ ಅವುಗಳ ಜೊತೆಗೂಡಿಯೇ ಇರುವುದಾದುದರಿಂದ ಅದೇ ಪದ್ಧತಿಯನ್ನು ಇಲ್ಲಿಯೂ ಬಳಸುವರು. ನನ್ನ ಶಿಷ್ಯೆಗೆ ಗುಣವಾದುದು ನನಗೆ ಸಂತೋಷ. ಆದರೆ ಒಂದು ಉದಾಹರಣೆಯಿಂದ ಪ್ರಮೇಯ ಸಿದ್ಧವಾಗದೆಂದು ಅವಳಿಗೆ ಕಲಿಸಿದವನು ನಾನೇ.

ಇನ್ನೂ ಒಂದು ಆಕ್ಷೇಪವುಂಟು. ಅದು ನಮಗೆ ಹತ್ತಿರದ್ದು. ರುಚಿಕಾ ತುಳಸ್ಯಾನ್ ಮತ್ತು ಜೋಡಿ ಆ್ಯನ್ ಬ್ಯೂರಿ ಎಂಬವರು 2021ರಲ್ಲಿ, ಕೊಠಡಿಯಲ್ಲಿರುವ ದೋಷವನ್ನು ಮನುಷ್ಯನ ತಲೆಯಲ್ಲಿ ಹುಡುಕುವುದು ಸರಿಯಲ್ಲವೆಂಬ ಅರ್ಥದ ವಾದವನ್ನು ಮುಂದಿಟ್ಟರು. ಸ್ತ್ರೀಯೊಬ್ಬಳನ್ನು ದಿನವೂ ಹೊರಗಿನವಳಂತೆ ನಡೆಸಿಕೊಂಡು, ಅವಳಿಗೆ ಅಳುಕು ಹುಟ್ಟಿದಾಗ ‘ನಿನಗೆ ಸಿಂಡ್ರೋಮ್ ಇದೆ, ಚಿಕಿತ್ಸೆ ಪಡೆ’ ಎನ್ನುವುದು ಯಾವ ನ್ಯಾಯ? ಕನ್ನಡ ಶಾಲೆಯಿಂದ ಹೋದ ಮಗುವಿನ ಉಚ್ಚಾರಣೆಯನ್ನು ಅಣಕಿಸುವ ತರಗತಿಯಿದ್ದರೆ ಮೊದಲು ತಿದ್ದಬೇಕಾದುದು ಆ ತರಗತಿಯನ್ನು. ಈ ವಾದವನ್ನು ನಾನು ಪೂರ್ಣವಾಗಿ ಒಪ್ಪುವೆನು; ಆದರೆ ತರಗತಿ ತಿದ್ದಿಕೊಳ್ಳುವವರೆಗೆ ಮಗು ನಿದ್ದೆಯಿಲ್ಲದೆ ಕಾಯಬೇಕೆಂದು ಒಪ್ಪಲಾರೆ. ಎರಡೂ ಕೆಲಸಗಳು ಒಟ್ಟಿಗೆ ನಡೆಯಬೇಕು.

ಒಟ್ಟಿಗೆ ನಡೆದುದಕ್ಕೆ ಒಂದು ನಿದರ್ಶನವಿದೆ. ವಾಲ್ಟನ್ ಮತ್ತು ಕೋಹೆನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸುಮಾರು ಒಂದು ಗಂಟೆಯ ಕಾಲ ಹಿರಿಯ ವಿದ್ಯಾರ್ಥಿಗಳ ಅನುಭವಗಳನ್ನು ಓದಲು ಕೊಟ್ಟರು. ತಾವು ಇಲ್ಲಿಗೆ ಸೇರಿದವರಲ್ಲವೆಂಬ ಭಾವನೆ ಮೊದಲಲ್ಲಿ ಎಲ್ಲ ಜಾತಿ ವರ್ಣದವರಿಗೂ ಇದ್ದಿತು, ಕಾಲಕ್ರಮದಲ್ಲಿ ಕಳೆಯಿತು ಎಂಬುದೇ ಆ ಬರಹಗಳ ತಿರುಳು. ಓದಿದವರು ಅದನ್ನು ತಮ್ಮ ಅನುಭವದೊಡನೆ ಸೇರಿಸಿ, ಮುಂದೆ ಬರುವ ವಿದ್ಯಾರ್ಥಿಗಳಿಗಾಗಿ ಬರೆದು ಓದಿದರು. ಕಪ್ಪು ಜನಾಂಗದ ವಿದ್ಯಾರ್ಥಿಗಳ ಅಂಕಗಳು ಮುಂದಿನ ಮೂರು ವರ್ಷಗಳಲ್ಲಿ ಏರುತ್ತ ಹೋಗಿ, ಬಿಳಿಯರಿಗೂ ಅವರಿಗೂ ಇದ್ದ ಅಂತರ ಸುಮಾರು ಅರ್ಧಕ್ಕಿಳಿಯಿತು. 2023ರಲ್ಲಿ 22 ಸಂಸ್ಥೆಗಳಲ್ಲಿ ನಡೆಸಿದ ಇಂಥದೇ ಪ್ರಯೋಗದ ಫಲಿತಾಂಶ ಹೊರಬಂದಿತು: ಆ ವಿದ್ಯಾರ್ಥಿಗಳು ನಿಜವಾಗಿ ಬೆರೆಯಲು ಅವಕಾಶವಿರುವ ಕಾಲೇಜುಗಳಲ್ಲಿ ಮಾತ್ರ ಇದು ಫಲಿಸುವುದು. ನಮ್ಮ ಸಂಘದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಪ್ರತಿವರ್ಷ ಬಹುಮಾನ ವಿತರಣೆ, ಭಾಷಣ, ಊಟ ನಡೆಯುತ್ತವೆ. ಕಾಲೇಜಿಗೆ ಹೋಗಲಿರುವ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ಈಗ ವೈದ್ಯರೂ ಇಂಜಿನಿಯರರೂ ಆಗಿರುವ ಹಿರಿಯರು ತಮ್ಮ ಮೊದಲ ಆರು ತಿಂಗಳ ಅಳುಕನ್ನು ಮುಚ್ಚುಮರೆಯಿಲ್ಲದೆ ಹೇಳುವ ಒಂದು ಗಂಟೆಯನ್ನು ಅದಕ್ಕೆ ಸೇರಿಸಬಾರದೆ? ಖರ್ಚೇನೂ ಇಲ್ಲ. ಸಾಧನೆಯನ್ನು ಹೇಳಿಕೊಳ್ಳುವವರು ಆ ಗಂಟೆಗೆ ಬರಬಾರದು, ಅಷ್ಟೆ.

ಯಾರ ಬಳಿಗೆ ಹೋಗಬೇಕೆಂಬ ಪ್ರಶ್ನೆ ತಾಯ್ತಂದೆಯರಿಂದ ಬರುವುದು ಸಹಜ. ಮನೋವೈದ್ಯರೆಂದರೆ ವೈದ್ಯಪದವಿ ಪಡೆದು ಔಷಧ ಬರೆಯಬಲ್ಲವರು. ಚಿಕಿತ್ಸಾ ಮನೋವಿಜ್ಞಾನಿಗಳೆಂದರೆ ಮಾತಿನ ಚಿಕಿತ್ಸೆಯಲ್ಲಿ ವಿಶೇಷ ಶಿಕ್ಷಣ ಪಡೆದವರು. ಬರಿಯ ಅಳುಕಿಗೆ ಎರಡನೆಯವರು ಸಾಕು. ನಿದ್ದೆ, ಊಟ ಕೆಟ್ಟು ವಾರಗಳೇ ಕಳೆದರೆ, ಬದುಕು ಬೇಡವೆಂಬ ಮಾತು ಬಂದರೆ, ತಡಮಾಡದೆ ಮೊದಲನೆಯವರನ್ನು ಕಾಣಬೇಕು. ಭಾರತ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ಮಾತಾಡಬಹುದು. ಭಾಷೆಯನ್ನು ಆರಿಸಿಕೊಳ್ಳಬಹುದು, ಅವುಗಳಲ್ಲಿ ಕನ್ನಡವೂ ಒಂದು. ಊರಿನವರಿಗೆ ತಿಳಿದರೆ ಮದುವೆಗೆ ತೊಡಕಾದೀತೆಂಬ ಭಯ ಹಲವರಿಗುಂಟು. ಚಿಕಿತ್ಸೆಯ ವಿವರಗಳನ್ನು ಗುಪ್ತವಾಗಿಡಬೇಕೆಂಬುದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯಲ್ಲಿ ರೋಗಿಯ ಹಕ್ಕಾಗಿಯೇ ಬರೆಯಲ್ಪಟ್ಟಿದೆ. ಕನ್ನಡದಲ್ಲಿ ಈ ವಿಷಯ ಓದಬಯಸುವವರಿಗೂ ಹಳೆಯ ದಾರಿಯೊಂದಿದೆ: ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ಎಂ. ಶಿವರಾಂ ಅವರು ವೈದ್ಯರೂ ಆಗಿದ್ದರು; ಅವರ ‘ಮನಮಂಥನ’ ಎಂಬ ಮನೋವೈದ್ಯಗ್ರಂಥಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಆಗಲೇ ಹೇಳಿದ ಊಹೆಯ ಅಭ್ಯಾಸಕ್ಕೆ ಬರುವೆನು. ಹತ್ತನೆಯ ಭೇಟಿಯಲ್ಲಿ ನನ್ನ ಶಿಷ್ಯೆಯನ್ನು ಚಿಕಿತ್ಸಕರು, ‘ನೀನು ಮೋಸಗೊಳಿಸಿದವರಲ್ಲಿ ಮೊದಲಿಗರಾರು?’ ಎಂದು ಕೇಳಿದರು. ಅವಳು ನನ್ನನ್ನು ಹೆಸರಿಸಿದಳು. ಎದುರಿಗಿದ್ದ ಖಾಲಿ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಹೇಳಬೇಕಾದುದನ್ನು ಹೇಳೆಂದರು. “ಮಾಷ್ಟ್ರೇ, ಹತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನೀವು ಎಂಬತ್ತರಲ್ಲಿ ಎಪ್ಪತ್ತಾರು ಕೊಟ್ಟಿರಿ. ನನಗೆ ಅಷ್ಟು ಯೋಗ್ಯತೆಯಿರಲಿಲ್ಲ. ನಾನು ನಿಮ್ಮನ್ನು ಮೋಸಗೊಳಿಸಿದೆ” ಎಂದಳು. ಈಗ ಆ ಕುರ್ಚಿಯಲ್ಲಿ ಕುಳಿತು ಮಾಷ್ಟ್ರು ಏನು ಹೇಳುವರೋ ಹೇಳೆಂದರು. ಅವಳು ಕುರ್ಚಿ ಬದಲಿಸಿ ಕುಳಿತಳು. ನನ್ನ ಸ್ವರವನ್ನೂ ಸಿಟ್ಟನ್ನೂ ಐದು ವರ್ಷ ಕೇಳಿದವಳು, ಅನುಕರಿಸಲು ಕಷ್ಟವೇನು? “ಏನಂದಿ? ಇಪ್ಪತ್ತೆಂಟು ವರ್ಷ ಉತ್ತರಪತ್ರಿಕೆ ತಿದ್ದಿದವನಿಗೆ ಲೆಕ್ಕ ಸರಿಯೋ ತಪ್ಪೋ ಎಂದು ತಿಳಿಯುವುದಿಲ್ಲವೆನ್ನುತ್ತೀಯಾ?” ಎಂದು ಗದರಿಸಿದಳಂತೆ. ಗದರಿಸಿ ತಾನೇ ನಕ್ಕಳಂತೆ, ಆಮೇಲೆ ಅತ್ತಳಂತೆ.

ಆ ಸಂಜೆ ಅವಳು ನನಗೆ ದೂರವಾಣಿ ಮಾಡಿ ಇದನ್ನೆಲ್ಲ ಹೇಳಿದಳು. ಈ ಸಲ ನಾನು ಹೊಗಳಲಿಲ್ಲ. ಉಳಿದ ನಾಲ್ಕು ಅಂಕಗಳು ಏಕೆ ಹೋದವೆಂದು ನೆನಪಿದೆಯೇ ಎಂದು ಮಾತ್ರ ಕೇಳಿದೆ. ತಡೆಯದೆ ಉತ್ತರ ಬಂದಿತು: “ರಚನೆಯ ಲೆಕ್ಕದಲ್ಲಿ ಕೈವಾರದ ಗುರುತುಗಳನ್ನು ಅಳಿಸಿಬಿಟ್ಟಿದ್ದೆ, ಮಾಷ್ಟ್ರೇ. ಚಿತ್ರ ಸರಿಯಾಗಿಯೇ ಇತ್ತು.”